ಸರ್ಟಿಫಿಕೇಟ್ ಕೈಗೆ ಬಂತು, ಮುಂದಿನ ಹನ್ನೆರಡು ತಿಂಗಳು?

ಹತ್ತಿ ಗಿರಣಿ, ಕಿರ್ಲೋಸ್ಕರ್ ಕಾಲದಲ್ಲಿ ದಾವಣಗೆರೆ–ಹರಿಹರದ ಹಳ್ಳಿ ಹುಡುಗರು ಕೆಲಸದ ಜಾಗದಲ್ಲೇ ಕೆಲಸ ಕಲಿತರು. ಇಂದು ಕಲಿಸುವ ಸಂಸ್ಥೆಗಳು ಬೇಕಾದಷ್ಟಿವೆ. ಹುಡುಗರು ಸೋಲುತ್ತಿರುವುದು ಕಲಿಯುವುದರಲ್ಲಿ ಅಲ್ಲ, ಕಲಿತ ಮೇಲಿನ ಮೊದಲ ವರ್ಷದಲ್ಲಿ!

ವೈಸ್‌ನಲ್ಲಿ ಬಿಗಿದ ಕಬ್ಬಿಣದ ಪಟ್ಟಿಯ ಮೇಲೆ ಅರ ಹೋಗಿ ಬರುತ್ತಿದೆ. ಮುಂದಕ್ಕೆ ತಳ್ಳುವಾಗ ಒತ್ತು, ಹಿಂದಕ್ಕೆ ಎಳೆಯುವಾಗ ಸಡಿಲ. ಹುಡುಗನ ಅಂಗೈಯಲ್ಲಿ ಎದ್ದ ಬೊಬ್ಬೆ ಒಡೆದು ಅಲ್ಲೇ ಗಟ್ಟಿಯಾಗಿದೆ. ನಾಲ್ಕಾರು ಸಲ ಉಜ್ಜಿ ನಿಲ್ಲಿಸುತ್ತಾನೆ, ಪುಡಿಯನ್ನು ಬ್ರಷ್‌ನಿಂದ ಕೊಡವುತ್ತಾನೆ, ಟ್ರೈ ಸ್ಕ್ವೇರ್ ಇಟ್ಟು ಪಟ್ಟಿಯನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿಯುತ್ತಾನೆ. ಸ್ಕ್ವೇರಿನ ಅಲಗಿಗೂ ಪಟ್ಟಿಗೂ ನಡುವೆ ಬೆಳಕಿನ ಒಂದು ಗೆರೆ.

“ಬೆಳಕು ಕಾಣ್ತೈತಿ ನೋಡಪಾ. ಇನ್ನೊಂದೀಟು ತೆಗಿ” ಎಂದು ಮಾಸ್ತರು ಪಕ್ಕದ ಬೆಂಚಿಗೆ ಸರಿಯುತ್ತಾರೆ.

ಐಟಿಐನ ಫಿಟ್ಟರ್ ಸೆಕ್ಷನ್‌ನಲ್ಲಿ ಮೊದಲ ದಿನಗಳು ಹೀಗೆಯೇ ಸಾಗುತ್ತವೆ. ಬೆಳಕು ನುಸುಳದ ಹಾಗೆ ಅಂಚುಗಳನ್ನು 90 ಡಿಗ್ರಿಗೆ ತರುವುದಕ್ಕೆ ತಾಳ್ಮೆ ಬೇಕು, ತೋಳು ಬೇಕು, ಕಣ್ಣು ಬೇಕು. ಆಮೇಲೆ ವರ್ನಿಯರ್ ಕ್ಯಾಲಿಪರ್ ಕೈಗೆ ಬರುತ್ತದೆ, ಅದರಲ್ಲಿ 0.02 ಮಿಲಿಮೀಟರ್‌ವರೆಗೆ ಓದಬಹುದು. ಮೈಕ್ರೋಮೀಟರ್ ಬಂದರೆ 0.01. ಜಗಳೂರಿನ ಮೆಕ್ಕೆಜೋಳದ ಹೊಲದಿಂದಲೋ ಚನ್ನಗಿರಿಯ ಅಡಿಕೆ ತೋಟದ ಕೂಲಿ ಮನೆಯಿಂದಲೋ ಬಂದ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತವನ್ನು ಹೇಗೋ ದಾಟಿದ ಹುಡುಗ ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅಳೆದು ಹೇಳುತ್ತಾನೆ. ‘ಓದು ತಲೆಗೆ ಹತ್ತಲಿಲ್ಲ, ಐಟಿಐಗೆ ಹಾಕಿದ್ವಿ’ ಎಂದು ಅವನ ಎದುರಿಗೇ ಹೇಳುವುದನ್ನು ಮನೆಯವರೂ ನೆಂಟರೂ ಮೊದಲು ಬಿಡಬೇಕು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಐಟಿಐ, ಪಾಲಿಟೆಕ್ನಿಕ್, ಟೂಲ್ ರೂಂ ಅರ್ಜಿಗಳ ಓಡಾಟ ಶುರುವಾಗುತ್ತದೆ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಇಳಿಯುವ ಅಪ್ಪ–ಮಗ, ಅವ್ವ–ಮಗಳ ಕೈಯಲ್ಲಿ ಪ್ಲಾಸ್ಟಿಕ್ ಕವರ್. ಅದರಲ್ಲಿ ಅಂಕಪಟ್ಟಿ, ಜಾತಿ–ಆದಾಯ ಪ್ರಮಾಣಪತ್ರ, ಆಧಾರ್ ಜೆರಾಕ್ಸ್. ಅವರ ಪ್ರಶ್ನೆಗಳೆಲ್ಲ ಸೀಟಿನ ಸುತ್ತಲೇ ಇರುತ್ತವೆ. ಎರಡು ವರ್ಷದ ನಂತರದ ಪ್ರಶ್ನೆಯನ್ನು ಕೇಳುವವರು ಕಡಿಮೆ, ಕೇಳಿದರೂ ಉತ್ತರ ಹೇಳುವ ಕೌಂಟರ್ ಎಲ್ಲೂ ಇಲ್ಲ.

ಗಿರಣಿಯ ಊರು, ಲೇತಿನ ಊರು

ದಾವಣಗೆರೆ, ಹರಿಹರ ಈ ಎರಡು ಊರುಗಳಿಗೆ ಕೈಕೆಲಸ ಹೊಸದಲ್ಲ. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಆರಂಭವಾದ ಮೇಲೆ ಶಂಕರ ಮಿಲ್, ಚಂದ್ರೋದಯ ಮಿಲ್, ಆಂಜನೇಯ ಮಿಲ್ ಎಂದು ಗಿರಣಿಗಳು ಎದ್ದವು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಮಳೆ ಕೈಕೊಟ್ಟ ವರ್ಷ ಸುತ್ತಲಿನ ಹಳ್ಳಿಗಳಿಂದ ಬಂದ ಹುಡುಗರು ಗಿರಣಿ ಸೇರಿದರು. ಸ್ಪಿನ್ನಿಂಗ್‌ನಲ್ಲಿ ಹರಿದ ನೂಲನ್ನು ಬೆರಳ ತುದಿಯಲ್ಲಿ ಕೂಡಿಸುವುದನ್ನು ಹಿರಿಯ ಕಾರ್ಮಿಕರೇ ಕಲಿಸಿದರು. ಗಿರಣಿ ಕೆಲಸಗಾರರ ಸಂಘಟನೆ ಎಷ್ಟು ಗಟ್ಟಿಯಾಗಿತ್ತೆಂದರೆ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಈ ಊರು ವಿಧಾನಸಭೆಗೆ ಆರಿಸಿ ಕಳಿಸಿತ್ತು.

ಗಿರಣಿಗಳು ಒಂದೊಂದಾಗಿ ನಿಂತವು. ಮೊದಲ ಗಿರಣಿಯ ಹೆಸರು ಈಗ ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯಲ್ಲಿ ಉಳಿದಿದೆ.

ಹದಿನಾಲ್ಕು ಕಿಲೋಮೀಟರ್ ಆಚೆ, ತುಂಗಭದ್ರೆಯ ದಡದ ಹರಿಹರದಲ್ಲಿ ನಡೆದದ್ದು ಇನ್ನೂ ದೊಡ್ಡ ಕಥೆ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ ಮನೆತನದ್ದೇ ಕಾರ್ಖಾನೆ. ಇಲ್ಲಿ ತಯಾರಾಗುತ್ತಿದ್ದುದು ಲೇತ್, ಅಂದರೆ ಬೇರೆ ಯಂತ್ರಗಳ ಬಿಡಿಭಾಗ ಮಾಡುವ ಯಂತ್ರ. ಅದರ ಅಳತೆ ತಪ್ಪಿದರೆ ಅದರಿಂದ ಹುಟ್ಟುವ ಪ್ರತಿಯೊಂದು ಭಾಗದ ಅಳತೆಯೂ ತಪ್ಪುತ್ತದೆ. ಕಾರ್ಖಾನೆಯ ಸುತ್ತ ಯಂತ್ರಪುರ ಎಂಬ ಕಾಲೊನಿಯೇ ಬೆಳೆಯಿತು.

ಹೊಸದಾಗಿ ಸೇರಿದ ಹುಡುಗ ಮೊದಲು ಚಕ್ ಕೀ ಎತ್ತಿಕೊಡುತ್ತಾನೆ, ಕೂಲೆಂಟ್ ತುಂಬುತ್ತಾನೆ, ಕಸ ಗುಡಿಸುತ್ತಾನೆ. ಹಳಬರ ಪಕ್ಕ ನಿಂತು ಟೂಲ್ ಗ್ರೈಂಡ್ ಮಾಡುವ ಕೋನವನ್ನು ನೋಡಿಕೊಳ್ಳುತ್ತಾನೆ. ಲೋಹ ಕತ್ತರಿಸುವಾಗಿನ ಸದ್ದು ಬದಲಾದರೆ ಟೂಲ್ ಮೊಂಡಾಗಿದೆ ಎಂದು ಕಿವಿಗೇ ಗೊತ್ತಾಗುವ ಹೊತ್ತಿಗೆ ಅವನು ಟರ್ನರ್ ಆಗಿರುತ್ತಾನೆ. ಶಾಪ್ ಫ್ಲೋರ್‌ನ ಕಲಿಕೆ ಎಂದರೆ ಇದು. ಕಲಿಯುವಾಗಲೂ ಏನೋ ಒಂದಿಷ್ಟು ಸಂಬಳ, ಕಲಿತ ಮೇಲೆ ಅದೇ ಗೇಟಿನೊಳಗೆ ಕೆಲಸ. ನಡುವೆ ದಾಟಬೇಕಾದ ಹೊಳೆ ಇರಲಿಲ್ಲ.

ಈ ಶತಮಾನದ ಆರಂಭದ ಹೊತ್ತಿಗೆ ಆ ಕಾರ್ಖಾನೆಯೂ ಮುಚ್ಚಿತು. ತುಂಗಭದ್ರೆಯ ಆಚೆ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ನಡೆದುಬಂದ ಪಾಲಿಫೈಬರ್ಸ್ ಈ ಭಾಗಕ್ಕೆ ಉಳಿದ ದೊಡ್ಡ ಕಾರ್ಖಾನೆ. ಕಿರ್ಲೋಸ್ಕರ್ ಮುಚ್ಚಿದಾಗ ಸಾವಿರಾರು ಮನೆಗಳ ಸಂಬಳ ನಿಂತಿತು, ಅದು ಎಲ್ಲರಿಗೂ ಕಂಡ ನಷ್ಟ. ಒಬ್ಬರಿಂದ ಒಬ್ಬರಿಗೆ ಕೈಯಿಂದ ಕೈಗೆ ಹೋಗುತ್ತಿದ್ದ ವಿದ್ಯೆಯೂ ಅಲ್ಲೇ ನಿಂತಿತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

> ವಿಶ್ವೇಶ್ವರಯ್ಯನವರ ಸಂಭಾವನೆ
> ಭದ್ರಾವತಿ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ಸರ್ ಎಂ. ವಿಶ್ವೇಶ್ವರಯ್ಯ ಕೈಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದಕ್ಕೆ ತಮ್ಮ ಹೆಸರು ಬೇಡವೆಂದರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಆ ಸಂಸ್ಥೆ, ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಇಂದಿನ ಎಸ್.ಜೆ. ಪಾಲಿಟೆಕ್ನಿಕ್.

ಈಗ ಎಲ್ಲಿ ಕಲಿಯಬಹುದು?

ಕಲಿಯುವ ಬಾಗಿಲುಗಳಿಗೆ ದಾವಣಗೆರೆ–ಹರಿಹರದಲ್ಲಿ ಬರವಿಲ್ಲ. ಎಂಜಿನಿಯರಿಂಗ್ ಓದುವವರಿಗೆ 1951ರಷ್ಟು ಹಿಂದೆಯೇ ಬಿ.ಡಿ.ಟಿ. ಕಾಲೇಜು ಬಂತು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು. ಡಿಪ್ಲೊಮಾಕ್ಕೆ ಡಿ.ಆರ್.ಆರ್. ಪಾಲಿಟೆಕ್ನಿಕ್ ಇದೆ. ಹತ್ತನೇ ತರಗತಿ ದಾಟಿದ ಹಳ್ಳಿ ಮಕ್ಕಳು ಮೊದಲು ಬಡಿಯುವ ಬಾಗಿಲು ಮಾತ್ರ ಐಟಿಐ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಮತ್ತು ಕಂಪ್ಯೂಟರ್ ಟ್ರೇಡ್ ಒಂದು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು ಎಂಬುದು ಎಷ್ಟೋ ಪಾಲಕರಿಗೆ ತಿಳಿದೇ ಇಲ್ಲ. ಐಟಿಐ ಅಲ್ಲಿಗೇ ಮುಗಿಯುವ ದಾರಿಯಲ್ಲ, ಮೇಲಕ್ಕೂ ಹತ್ತಬಹುದು.

ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಸುಮಾರು 4,636 ಕೋಟಿ ರೂಪಾಯಿ ಯೋಜನೆಯಲ್ಲಿ ಮೇಲ್ದರ್ಜೆಗೇರಿಸಿತು. 2022ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ), ರೋಬೊಟಿಕ್ಸ್, ವಿದ್ಯುತ್ ವಾಹನ ರಿಪೇರಿ ಪಠ್ಯಕ್ಕೆ ಬಂದವು. ಒಳ್ಳೆಯ ಹೆಜ್ಜೆ. ಹೊಸ ಯಂತ್ರ ಬಂದಾಕ್ಷಣ ಅರ ಹಿಡಿಯುವ ಪಾಠವನ್ನು ಮೊಟಕು ಮಾಡದಿದ್ದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಲೋಹದ ಗುಣ ತಿಳಿದವನು ಸಿಎನ್‌ಸಿಯ ಪರದೆಯ ಮುಂದೆಯೂ ತಪ್ಪನ್ನು ಬೇಗ ಹಿಡಿಯುತ್ತಾನೆ.

ಹರಿಹರದಲ್ಲಿ ಇನ್ನೊಂದು ಸಂಸ್ಥೆಯಿದೆ, ಹಳ್ಳಿಗಳಲ್ಲಿ ಅದರ ಹೆಸರು ಸಾಕಷ್ಟು ಕೇಳಿಬರುತ್ತಿಲ್ಲ: ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಬಾಯಿಮಾತಲ್ಲಿ ಜಿಟಿಟಿಸಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆಯ ಶಾಖೆ ಇದು. ಪ್ಲಾಸ್ಟಿಕ್ ಬಕೆಟ್‌ನಿಂದ ಕಾರಿನ ಬಾಗಿಲವರೆಗೆ ಯಾವುದನ್ನು ಅಚ್ಚುಹಾಕಬೇಕಾದರೂ ಮೊದಲು ಅಚ್ಚು ಬೇಕು. ಆ ಅಚ್ಚು ಮಾಡುವುದನ್ನು ಕಲಿಸುವ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇಲ್ಲಿನ ಜೀವಾಳ. ಮೂರು ವರ್ಷ ಪಾಠ ಮತ್ತು ಕಾರ್ಯಾಗಾರ, ನಾಲ್ಕನೇ ವರ್ಷ ಕಡ್ಡಾಯವಾಗಿ ಕಂಪನಿಯೊಳಗೆ ತರಬೇತಿ.

ಆ ನಾಲ್ಕನೇ ವರ್ಷವೇ ಬಹಳ ಮುಖ್ಯ. ಕೋರ್ಸು ಮುಗಿಯುವ ಮೊದಲೇ ಹುಡುಗನಿಗೆ ಕಂಪನಿಯ ಗೇಟು, ಶಿಫ್ಟಿನ ಶಿಸ್ತು, ಸೂಪರ್‌ವೈಸರ್ ಪರಿಚಯವಾಗಿರುತ್ತವೆ. ಹಳೆಯ ಕಿರ್ಲೋಸ್ಕರ್ ಶಾಪ್ ಫ್ಲೋರ್‌ನಲ್ಲಿ ತಾನಾಗಿ ಆಗುತ್ತಿದ್ದುದನ್ನು ಇಲ್ಲಿ ಪಠ್ಯಕ್ರಮವೇ ಮಾಡಿಸುತ್ತದೆ.

ಕಣ್ಣಿಗೆ ಬಟ್ಟೆ, ಎಡಗೈಯಲ್ಲಿ ಮರದ ತುಂಡು

ಎಲ್ಲರೂ ಕಾರ್ಖಾನೆಗೇ ಹೋಗಬೇಕಿಲ್ಲ. ಊರಲ್ಲೇ ಅಂಗಡಿ ಹಾಕುವವರಿಗಾಗಿ ದಾವಣಗೆರೆಯಲ್ಲಿ ಕೆನರಾ ಬ್ಯಾಂಕಿನ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. ಇದರ ಮೂಲ ನಮ್ಮದೇ ನೆಲದ್ದು. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಮಾದರಿಯನ್ನೇ ಕೇಂದ್ರ ಸರ್ಕಾರ 2009ರಿಂದ ಜಿಲ್ಲೆಗೊಂದರಂತೆ ದೇಶಕ್ಕೆಲ್ಲ ಹರಡಿತು. ಈಗ ಇಂಥ ಸಂಸ್ಥೆಗಳು ಐನೂರಕ್ಕೂ ಹೆಚ್ಚು.

ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಹೊಲಿಗೆ, ಮೊಬೈಲ್ ರಿಪೇರಿ, ಬೈಕ್ ರಿಪೇರಿ, ಬ್ಯೂಟಿ ಪಾರ್ಲರ್, ಹೈನುಗಾರಿಕೆ ಇಂಥ ಕೋರ್ಸುಗಳು. ದಿನ ಶುರುವಾಗುವುದೇ ನಿನ್ನೆ ಕಲಿತ ಮುಖ್ಯ ಪಾಠ ಯಾವುದೆಂದು ಅಭ್ಯರ್ಥಿಗಳು ಎದ್ದು ನಿಂತು ಹೇಳುವುದರಿಂದ. ಶಾಲೆಯಲ್ಲಿ ಕೊನೆಯ ಬೆಂಚಿನಲ್ಲಿ ಬಾಯಿ ಬಿಡದೆ ಕೂತವರಿಗೆ ಅದೇ ಮೊದಲ ಭಾಷಣ.

ಇಂಥ ಸಂಸ್ಥೆಗಳಲ್ಲಿ ಗೋಪುರ ಕಟ್ಟುವ ಆಟವೊಂದಿದೆ. ಅಭ್ಯರ್ಥಿಯ ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಯಿಂದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಲು ಹೇಳುತ್ತಾರೆ. ಎಷ್ಟು ತುಂಡು ಪೇರಿಸುತ್ತೀಯೆಂದು ಮೊದಲೇ ಹೇಳಬೇಕು. ಪಕ್ಕದಲ್ಲಿ ಇಬ್ಬರು ನಿಂತು ಮಾರ್ಗದರ್ಶನ ಮಾಡುತ್ತಾರೆ. ಒಬ್ಬರು ಧೈರ್ಯ ಹೇಳುತ್ತಾರೆ, ಇನ್ನೊಬ್ಬರು ಬೀಳುತ್ತದೆ ಎಂದು ಹೆದರಿಸುತ್ತಾರೆ. ಗೋಪುರ ಬಿದ್ದ ಮೇಲೆ ಶುರುವಾಗುವ ಚರ್ಚೆಯೇ ನಿಜವಾದ ಪಾಠ. ಎಷ್ಟು ಗುರಿ ಇಟ್ಟುಕೊಂಡೆ, ಯಾರ ಮಾತು ಕೇಳಿ ಕೈ ನಡುಗಿತು, ಮನೆಯಲ್ಲಿ ನಿನ್ನನ್ನು ಹೆದರಿಸುವವರು ಯಾರು? ಸಾಲ ಮಾಡಿ ಅಂಗಡಿ ತೆರೆಯಲಿರುವ ಇಪ್ಪತ್ತೆರಡರ ಹುಡುಗಿ ಈ ಪ್ರಶ್ನೆಗಳನ್ನು ಅಂಗಡಿ ತೆರೆಯುವ ಮೊದಲೇ ಎದುರಿಸಿರುತ್ತಾಳೆ.

ಈ ಸಂಸ್ಥೆಗಳಲ್ಲಿ ನನಗೆ ತುಂಬ ಮೆಚ್ಚುಗೆಯಾಗುವುದು ತರಬೇತಿಗಿಂತ ಅದರ ಮುಂದಿನ ಭಾಗ. ತರಬೇತಿ ಕೆಲವೇ ವಾರ, ಬೆನ್ನಿಗೆ ನಿಲ್ಲುವುದು ಎರಡು ವರ್ಷ. ಅಂಗಡಿ ಹಾಕಿದೆಯಾ, ಬ್ಯಾಂಕಿನವರು ಸಾಲ ಕೊಟ್ಟರಾ, ಗಿರಾಕಿ ಬರುತ್ತಿದ್ದಾರಾ ಎಂದು ಹಿಂದೆ ಬಿದ್ದು ಕೇಳುವುದು ನಿಯಮದಲ್ಲೇ ಇದೆ. ಐಟಿಐಗಳಿಗೆ, ಕಾಲೇಜುಗಳಿಗೆ ಇಂಥ ಎರಡು ವರ್ಷದ ಹೊಣೆ ಇಲ್ಲ.

ಬೀಳುವುದು ಎಲ್ಲಿ?

ಐಟಿಐ ಪಾಸಾದ ಹುಡುಗನ ಮೊದಲ ವರ್ಷ ಹೇಗಿರುತ್ತದೆ? ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾಗಿ ಬೆಂಗಳೂರಿನ ಪೀಣ್ಯಕ್ಕೋ ತಮಿಳುನಾಡಿನ ಹೊಸೂರಿಗೋ ಹೋಗುತ್ತಾನೆ. ರೂಮಿಗೆ ಅಡ್ವಾನ್ಸ್ ಕೇಳುತ್ತಾರೆ. ಮೊದಲ ಸಂಬಳ ಬರುವವರೆಗೆ ಊಟ, ಬಸ್ಸು, ಶೂ ಎಲ್ಲಕ್ಕೂ ಮನೆಯಿಂದಲೇ ಹಣ ಬರಬೇಕು. ಬಂದ ಸಂಬಳ ಬಾಡಿಗೆ–ಊಟಕ್ಕೇ ಸರಿಹೋಗುತ್ತದೆ. ಎರಡು ತಿಂಗಳಿಗೆ ಅವ್ವನಿಗೆ ಹುಷಾರಿಲ್ಲ ಎಂದು ಫೋನ್, ಇಲ್ಲವೇ ಭತ್ತದ ಕಟಾವಿಗೆ ಆಳಿಲ್ಲ ಎಂದು. ಊರಿಗೆ ಬಂದವನು ಮರಳಿ ಹೋಗುವುದಿಲ್ಲ. ಆರು ತಿಂಗಳ ನಂತರ ಅವನನ್ನು ನೋಡಿದರೆ ಗೂಡ್ಸ್ ಆಟೊ ಓಡಿಸುತ್ತಿರುತ್ತಾನೆ. ದುಡಿಮೆ ಯಾವುದಾದರೂ ದುಡಿಮೆಯೇ. ಎರಡು ವರ್ಷ ಅರ ಹಿಡಿದ ಕೈಯ ವಿದ್ಯೆ ಮಾತ್ರ ತುಕ್ಕು ಹಿಡಿಯುತ್ತದೆ.

‘ಈಗಿನ ಹುಡುಗರಿಗೆ ಕಷ್ಟಪಡುವ ಮನಸ್ಸಿಲ್ಲ’ ಎಂಬ ಮಾತನ್ನು ಉದ್ಯಮಿಗಳ ಬಾಯಲ್ಲಿ ಪದೇಪದೇ ಕೇಳುತ್ತೇವೆ. ನಾನು ಒಪ್ಪುವುದಿಲ್ಲ. ಆ ಮೊದಲ ತಿಂಗಳುಗಳ ಖರ್ಚನ್ನು ಹೊರುವ ಶಕ್ತಿ ಕೂಲಿ ಮನೆಗೆ ಇಲ್ಲ, ಅಷ್ಟೇ. ಹಾಸ್ಟೆಲ್ ಇರುವ ಕಡೆ ಹಳ್ಳಿ ಹುಡುಗರು ಕೋರ್ಸ್ ಮುಗಿಸುತ್ತಾರೆ. ಕೆಲಸದ ಊರಲ್ಲೂ ಆರು ತಿಂಗಳ ಮಟ್ಟಿಗೆ ಒಂದು ಹಾಸ್ಟೆಲ್ ಇದ್ದರೆ ಕೆಲಸದಲ್ಲೂ ನಿಲ್ಲುತ್ತಾರೆ. ರಾಜ್ಯದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಕೊಡುತ್ತದೆ. ಐಟಿಐ ಪಾಸಾದವನು ಆ ಪಟ್ಟಿಯಲ್ಲಿ ಇಲ್ಲ. ಅವನನ್ನೂ ಸೇರಿಸಿ, ಕೆಲಸ ಸಿಕ್ಕ ಮೊದಲ ಆರು ತಿಂಗಳ ಬಾಡಿಗೆಯಾಗಿ ಅದನ್ನು ಕೊಟ್ಟರೆ ಆಗುವ ಲಾಭ ದೊಡ್ಡದು.

> ಅಪ್ರೆಂಟಿಸ್ ಆದರೆ ಏನು ಸಿಗುತ್ತದೆ?
> ಕಾನೂನು 1961ರದ್ದು. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ತಮ್ಮ ಸಿಬ್ಬಂದಿ ಬಲದ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 2019ರ ತಿದ್ದುಪಡಿಯಂತೆ ಐಟಿಐ ಪ್ರಮಾಣಪತ್ರ ಇದ್ದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ನಿಗದಿಯಾಯಿತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಶೇ 25ರಷ್ಟನ್ನು, ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ.

ಈ ಅಪ್ರೆಂಟಿಸ್ ಕಾನೂನಿನ ಮೇಲೆ ನಾನು ಹೆಚ್ಚು ಭರವಸೆ ಇಟ್ಟಿದ್ದೇನೆ. ದಾವಣಗೆರೆಯ ಕರೂರು, ಹರಿಹರದ ಹನಗವಾಡಿ ಕೈಗಾರಿಕಾ ಪ್ರದೇಶಗಳ ಘಟಕಗಳು, ದೊಡ್ಡ ಆಸ್ಪತ್ರೆಗಳು, ವಾಹನ ಶೋರೂಂಗಳು, ಅಕ್ಕಿ ಗಿರಣಿಗಳು. ಇವುಗಳಲ್ಲಿ 30 ಅಥವಾ ಹೆಚ್ಚು ಜನ ಇರುವವು ಯಾವುವು, ಅಲ್ಲಿ ಎಷ್ಟು ಅಪ್ರೆಂಟಿಸ್‌ಗಳಿದ್ದಾರೆ ಎಂಬ ಪಟ್ಟಿಯನ್ನು ಜಿಲ್ಲಾಡಳಿತ ಪ್ರತಿವರ್ಷ ಐಟಿಐ ನೋಟಿಸ್ ಬೋರ್ಡಿಗೆ ಹಾಕಲಿ. ಮನೆಯಿಂದ ಊಟದ ಡಬ್ಬಿ ಕಟ್ಟಿಕೊಂಡು ಬಂದು ಹೋಗುವ ದೂರದಲ್ಲಿ ಒಂದು ವರ್ಷದ ಅನುಭವ ಸಿಕ್ಕರೆ, ಆಮೇಲೆ ಬೆಂಗಳೂರಿಗೆ ಹೋಗುವವನು ಹೆಚ್ಚಿನ ಸಂಬಳಕ್ಕೇ ಹೋಗುತ್ತಾನೆ.

ಹೊಲದಲ್ಲೇ ನಿಂತ ಕೆಲಸ

ಭದ್ರಾ ನಾಲೆಯ ನೀರಿರುವ ಕಡೆ ಭತ್ತ, ಮಳೆ ನಂಬಿದ ಕಡೆ ಮೆಕ್ಕೆಜೋಳ. ರಾಜ್ಯದಲ್ಲಿ ಮೆಕ್ಕೆಜೋಳಕ್ಕೆ ಹೆಸರಾದ ಜಿಲ್ಲೆ ಇದು. ಕಟಾವಿನ ಕಾಲಕ್ಕೆ ಹೊರರಾಜ್ಯಗಳಿಂದ ಯಂತ್ರಗಳು ಬರುತ್ತವೆ, ಜೊತೆಗೆ ಅಲ್ಲಿನ ಡ್ರೈವರ್, ಅಲ್ಲಿನ ಮೆಕ್ಯಾನಿಕ್. ಗದ್ದೆಯ ನಡುವೆ ಬೆಲ್ಟ್ ಹರಿದು ಯಂತ್ರ ನಿಂತರೆ, ಮೋಡ ಕವಿದ ಆಕಾಶ ನೋಡುತ್ತ ರೈತ ಕಾಯಬೇಕು. ನಾಟಿ ಯಂತ್ರ, ಒಕ್ಕಣೆ ಯಂತ್ರ, ಸೋಲಾರ್ ಪಂಪ್‌ಸೆಟ್, ಔಷಧ ಸಿಂಪಡಿಸುವ ಡ್ರೋನ್ ಎಲ್ಲವೂ ಕೆಡುತ್ತವೆ. ಹೋಬಳಿಗೆ ನಾಲ್ಕು ಜನ ನುರಿತ ಮೆಕ್ಯಾನಿಕ್‌ಗಳಿದ್ದರೂ ವರ್ಷಪೂರ್ತಿ ಕೈತುಂಬ ಕೆಲಸ. ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೇ ಊರಲ್ಲಿದೆ, ಐಟಿಐಗಳೂ ಇವೆ. ಒಂದಕ್ಕೆ ಬೆಳೆ ಗೊತ್ತು, ಇನ್ನೊಂದಕ್ಕೆ ಬೋಲ್ಟು ಗೊತ್ತು. ಎರಡನ್ನೂ ಸೇರಿಸಿ ಕೃಷಿ ಯಂತ್ರ ರಿಪೇರಿಯ ಗಟ್ಟಿ ಕೋರ್ಸೊಂದು ದಾವಣಗೆರೆಯಿಂದಲೇ ಶುರುವಾಗಬೇಕು.

ಕಾಗದವಿಲ್ಲದ ಕುಶಲರನ್ನೂ ಮರೆಯುವಂತಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿಗೆ ಅಕ್ಕಿ ಸುರಿದು, ಅರಳಿದ ಕ್ಷಣವೇ ಬಾಚಿ ಜರಡಿಗೆ ಹಾಕುತ್ತಾರೆ. ಒಂದು ಉಸಿರು ತಡವಾದರೆ ಕರಟುತ್ತದೆ, ಮೊದಲೇ ತೆಗೆದರೆ ಅರಳುವುದಿಲ್ಲ. ಮಿರ್ಚಿ ಜೊತೆ ಊರೆಲ್ಲ ತಿನ್ನುವ ಮಂಡಕ್ಕಿಯ ಹಿಂದೆ ಆ ಬೆಂಕಿಯ ಮುಂದಿನ ಕೈಗಳಿವೆ. ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೌಶಲ ಯೋಜನೆಗಳಲ್ಲಿ ಇದೆ. ಅದು ಭಟ್ಟಿಯ ಬಾಗಿಲಿಗೇ ಹೋಗಬೇಕು. ಅಲ್ಲಿನವರಿಗೆ ಕಾಗದದ ಜೊತೆಗೆ ಹೊಗೆ ಹೋಗುವ ಚಿಮಣಿಯೂ ಬೇಕು.

ಹುಡುಗಿಯರು ಎಲ್ಲಿ?

ಹುಡುಗಿಯರೆಂದರೆ ಹೊಲಿಗೆ ಅಥವಾ ಕಂಪ್ಯೂಟರ್ ಎಂದು ಅರ್ಜಿ ತುಂಬುವವರೇ ನಿರ್ಧರಿಸಿಬಿಡುತ್ತಾರೆ. ಎಲೆಕ್ಟ್ರಿಷಿಯನ್, ಟರ್ನರ್ ಟ್ರೇಡುಗಳ ಬಾಗಿಲು ಅವರಿಗೂ ತೆರೆದಿದೆ. ಇಂದಿನ ಸಿಎನ್‌ಸಿ ಯಂತ್ರಕ್ಕೆ ರಟ್ಟೆಯ ಬಲಕ್ಕಿಂತ ಗಮನ ಮುಖ್ಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನ ಟಿಕೆಟ್ ಹಣದ ನೆಪ ಹೋಯಿತು. ಈಗ ಅಡ್ಡಿ ಬರುವುದು ಬಸ್ಸಿನ ಸಮಯ. ಸಂಜೆ ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೂ ಹಳ್ಳಿಯ ಕೊನೆಯ ಬಸ್ಸಿಗೂ ತಾಳೆಯಾಗದಿದ್ದರೆ ಅಪ್ಪ ಮಗಳನ್ನು ಕಳಿಸುವುದಿಲ್ಲ. ಒಂದು ಬಸ್ಸನ್ನು ಅರ್ಧ ಗಂಟೆ ತಡವಾಗಿ ಬಿಡುವುದಕ್ಕೆ ಬಜೆಟ್ಟೇನೂ ಬೇಕಿಲ್ಲ. ಪ್ರಾಂಶುಪಾಲರು ಡಿಪೊ ಮ್ಯಾನೇಜರಿಗೆ ಒಂದು ಪತ್ರ ಬರೆದು, ಉತ್ತರ ಬರುವವರೆಗೆ ಬಿಡದಿದ್ದರೆ ಸಾಕು.

> ಕುಲಕಸುಬು ಇದ್ದವರಿಗೆ
> 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಗಾರೆ ಕೆಲಸದವರು ಸೇರಿ 18 ಕಸುಬುಗಳಿಗೆ ಅನ್ವಯ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿವರೆಗೆ ಸಾಲ.

ಅರ್ಜಿ ಹಿಡಿದು ಹೊರಟ ಅಪ್ಪ–ಅವ್ವಂದಿರಿಗೆ ಒಂದಿಷ್ಟು ಕಿವಿಮಾತು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಮೊದಲು ಕಾರ್ಯಾಗಾರದ ಒಳಗೆ ಹೋಗಿ ನೋಡಿ. ಯಂತ್ರದ ಮೇಲೆ ಎಣ್ಣೆ ಇದೆಯೋ ಧೂಳು ಇದೆಯೋ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ನೀವು ಕೇಳುವ ಟ್ರೇಡಿಗೆ ರಾಷ್ಟ್ರೀಯ ಮಾನ್ಯತೆ ಇದೆಯೇ ಎಂದು ಕೇಳಿ, ಹೌದೆಂದರೆ ಕಾಗದ ತೋರಿಸಲು ಹೇಳಿ. ಟ್ರೇಡಿಗೆ ಮಾಸ್ತರು ಇದ್ದಾರೋ, ಹುದ್ದೆ ಖಾಲಿ ಇದೆಯೋ ವಿಚಾರಿಸಿ. ಹಾಸ್ಟೆಲ್ ಎಲ್ಲಿ, ಕೊನೆಯ ಬಸ್ ಎಷ್ಟಕ್ಕೆ, ಅಪ್ರೆಂಟಿಸ್‌ಗೆ ಯಾವ ಕಂಪನಿ ಬರುತ್ತದೆ ಎಂದು ಬರೆದುಕೊಳ್ಳಿ. ಹೋದ ವರ್ಷ ಇದೇ ಟ್ರೇಡ್ ಮುಗಿಸಿದವರಲ್ಲಿ ನಿಮ್ಮ ಊರ ಕಡೆಯವರು ಯಾರಾದರೂ ಇದ್ದರೆ ಹುಡುಕಿ ಮಾತಾಡಿಸಿ, ಮೊದಲ ಸಂಬಳ ಎಷ್ಟು ಬಂತು, ರೂಮಿನ ಅಡ್ವಾನ್ಸ್‌ಗೆ ಏನು ಮಾಡಿದೆ ಎಂದು ಕೇಳಿ. ಆ ಹಣವನ್ನು ಎರಡು ವರ್ಷ ಮೊದಲೇ, ಪ್ರವೇಶ ಪಡೆದ ತಿಂಗಳಿನಿಂದಲೇ, ಮಗನ ಅಥವಾ ಮಗಳ ಹೆಸರಲ್ಲಿ ಪೋಸ್ಟ್ ಆಫೀಸಿನ ಆರ್‌ಡಿ ಖಾತೆಗೆ ಸ್ವಲ್ಪಸ್ವಲ್ಪವಾಗಿ ಕಟ್ಟಲು ಶುರುಮಾಡಿ.